ಒತ್ತಕ್ಷರದಿಂದ ಶುರು ಮಾಡಿ

ಹಾವೇರಿಯಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ.

ನಿಮ್ಮ ಪತ್ರ ಉದ್ದವಿದೆ, ಪೂರ್ತಿ ಅಚ್ಚು ಹಾಕಲು ಜಾಗ ಸಾಲದು. ಉಳಿದ ಓದುಗರಿಗಾಗಿ ಚುಟುಕಾಗಿ ಹೇಳುತ್ತೇನೆ. ನೀವು ಬಿಕಾಂ ಕೊನೆಯ ವರ್ಷದಲ್ಲಿದ್ದೀರಿ. ನಿಮ್ಮ ಸೋದರಮಾವ ಅಂಗಡಿ ಬೋರ್ಡು, ಲಾರಿ ಬಾಡಿ ಬರೆಯುತ್ತಿದ್ದವರು. ಅವರ ಪಕ್ಕ ಕೂತು ಬ್ರಶ್ ತೊಳೆದುಕೊಡುತ್ತಾ ನಿಮಗೂ ಅಕ್ಷರದ ಹುಚ್ಚು ಹಿಡಿಯಿತು. ಮನೆಯಲ್ಲಿ ಬ್ಯಾಂಕ್ ಪರೀಕ್ಷೆಗೆ ಓದು ಅನ್ನುತ್ತಾರೆ. ಅಕ್ಷರ ವಿನ್ಯಾಸ ನಂಬಿ ಬದುಕಬಹುದಾ? ಎಲ್ಲಿ ಕಲಿಯೋದು? ಗೆಳೆಯರು ಹೇಳುವಂತೆ ಮೊದಲು ಇಂಗ್ಲಿಷ್ ಫಾಂಟ್ ಮಾಡಬೇಕಾ? ಇವು ನಿಮ್ಮ ಪ್ರಶ್ನೆಗಳು.

ಕೊನೆಯದಕ್ಕೆ ಮೊದಲು ಉತ್ತರ. ಬೇಡ. ಕನ್ನಡದಿಂದಲೇ ಶುರು ಮಾಡಿ. ಅದರಲ್ಲೂ ‘ಅ’ದಿಂದ ಅಲ್ಲ, ಒತ್ತಕ್ಷರದಿಂದ.

ನೀವು ಕಳಿಸಿದ ಹಾಳೆಯಲ್ಲಿ ಅ ಇಂದ ಳ ತನಕ ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ಕಡೆಯೂ ಒತ್ತಿಲ್ಲ. ‘ಸ್ತ್ರೀ’, ‘ರಾಷ್ಟ್ರ’, ‘ವೈಶಿಷ್ಟ್ಯ’ ಬರೆದು ನೋಡಿ. ಒಂದರ ಕೆಳಗೆ ಎರಡು ಒತ್ತು ಕೂರಬೇಕು. ಕೆಳಗಿನ ಸಾಲಿನಲ್ಲಿ ಅದೇ ಜಾಗಕ್ಕೆ ‘ಕೀ’ಯೋ ‘ಹೇ’ಯೋ ಬಂದರೆ ಮೇಲಿನ ಒತ್ತಿಗೂ ಕೆಳಗಿನ ಗುಡಿಸು, ಏತ್ವಗಳಿಗೂ ಡಿಕ್ಕಿ. ಸಾಲುಗಳ ನಡುವೆ ಜಾಗ ಜಾಸ್ತಿ ಬಿಟ್ಟರೆ ಪುಟ ಹೆಚ್ಚಾಗುತ್ತದೆ, ಕಾಗದದ ಖರ್ಚು ಏರುತ್ತದೆ. ಒತ್ತನ್ನು ಚಿಕ್ಕದು ಮಾಡಿದರೆ ವಯಸ್ಸಾದ ಓದುಗರು ಭೂತಗನ್ನಡಿ ಹಿಡಿಯಬೇಕಾಗುತ್ತದೆ. ಪತ್ರಿಕೆ ಕಚೇರಿಯಲ್ಲಿ ಈ ಜಗಳ ಮುಗಿಯುವುದೇ ಇಲ್ಲ. ಇಂಗ್ಲಿಷ್ ಫಾಂಟ್ ಎಷ್ಟು ಮಾಡಿದರೂ ಈ ಪಾಠ ಸಿಗುವುದಿಲ್ಲ.

ಇನ್ನೊಂದು ಪರೀಕ್ಷೆ ಇದೆ. ದ, ಧ, ಥ ಪಕ್ಕಪಕ್ಕ ಬರೆಯಿರಿ. ದ ಮತ್ತು ಧ ನಡುವೆ ಇರುವ ವ್ಯತ್ಯಾಸ ಕೆಳಗಿನ ಸಣ್ಣ ಸೀಳು ಮಾತ್ರ. ಥ ಆಗಲು ಅದಕ್ಕೊಂದು ಚುಕ್ಕೆ. ರ ಮತ್ತು ಠ ನಡುವೆಯೂ ಚುಕ್ಕೆಯದೇ ಆಟ. ಬೋರ್ಡಿನ ಮೇಲೆ ಅಡಿ ಎತ್ತರಕ್ಕೆ ಬರೆದಾಗ ಇದು ಸಮಸ್ಯೆಯೇ ಅಲ್ಲ. ಒರಟು ಕಾಗದದ ಮೇಲೆ ಒಂಬತ್ತು ಪಾಯಿಂಟಿನ ಸಣ್ಣ ಅಳತೆಯಲ್ಲಿ ಅಚ್ಚಾದಾಗ ಮಸಿ ಹರಡಿ ಸೀಳು ಮುಚ್ಚಿಹೋಗುತ್ತದೆ, ‘ಧನ’ ‘ದನ’ವಾಗುತ್ತದೆ. ಆ ಸೀಳನ್ನು ಎಷ್ಟು ಅಗಲ ಬಿಡಬೇಕು ಅನ್ನುವುದೇ ಈ ಕಸುಬಿನ ಅರ್ಧ ವಿದ್ಯೆ. ಅದು ಬೇಜಾರಿನ ಕೆಲಸ ಅನ್ನಿಸಿದರೆ ಬ್ಯಾಂಕ್ ಪರೀಕ್ಷೆಯೇ ಒಳ್ಳೆಯದು. ಮಜಾ ಅನ್ನಿಸಿದರೆ ಮುಂದೆ ಓದಿ.

ಫಾಂಟ್ ಅಂದರೆ ಚಿತ್ರವಷ್ಟೇ ಅಲ್ಲ. ‘ಅರ್ಕ’ ಅಂತ ಟೈಪ್ ಮಾಡುವಾಗ ರ ಮೊದಲು ಒತ್ತುತ್ತೀರಿ, ಪರದೆಯ ಮೇಲೆ ಅರ್ಕಾವತ್ತು ಕ ಆದ ಮೇಲೆ ಬರುತ್ತದೆ. ಹೀಗೆ ಜಾಗ ಬದಲಿಸುವ ಕೆಲಸಕ್ಕೆ ಹಾರ್ಫ್‌ಬಜ್‌ನಂಥ ತಂತ್ರಾಂಶವಿದೆ. ಆದರೆ ಯಾವ ಅಕ್ಷರದ ಜೊತೆ ಯಾವ ಒತ್ತು ಹೇಗೆ ಕೂರಬೇಕು ಅನ್ನುವ ನಿಯಮಗಳನ್ನು ಫಾಂಟ್ ಮಾಡುವವರೇ ಒಳಗೆ ಬರೆದಿಡಬೇಕು. ಈ ನಿಯಮಗಳನ್ನು ಒಳಗೇ ಇಟ್ಟುಕೊಳ್ಳುವ ಫಾಂಟ್ ಮಾದರಿಗೆ ಓಪನ್‌ಟೈಪ್ ಅಂತ ಹೆಸರು. ಚಿತ್ರವನ್ನೂ ಬಿಡಿಸಿ ನಿಯಮವನ್ನೂ ಬರೆಯಬಲ್ಲವರು ಕನ್ನಡಕ್ಕೆ ಬಹಳ ಕಡಿಮೆ. ನಿಮಗೆ ದಾರಿ ಇರುವುದು ಅಲ್ಲೇ.

ಕಲಿಯಲು ದುಡ್ಡು ಬೇಕಿಲ್ಲ. ಮುಂಬೈಯ ಏಕ್ ಟೈಪ್ ತಂಡ ಮಾಡಿದ ‘ಬಾಲೂ ತಮ್ಮ’, ‘ಅನೇಕ್ ಕನ್ನಡ’ ಗೂಗಲ್ ಫಾಂಟ್ಸ್‌ನಲ್ಲಿ ಬಿಟ್ಟಿ ಸಿಗುತ್ತವೆ. ಅವುಗಳ ಪರವಾನಗಿ ಪ್ರಕಾರ ಬಿಚ್ಚಿ ನೋಡಬಹುದು, ತಿದ್ದಲೂಬಹುದು. ಫಾಂಟ್‌ಫೋರ್ಜ್ ಅನ್ನುವ ಉಚಿತ ತಂತ್ರಾಂಶ ಹಾಕಿಕೊಂಡು ಅವನ್ನು ತೆರೆಯಿರಿ. ಒಂದೇ ಒತ್ತಿಗೆ ಎಷ್ಟು ರೂಪ ಬರೆದಿದ್ದಾರೆ ಅಂತ ನೋಡಿ. ಅಲ್ಲಿಂದ ಮುಂದಿನದು ಹಟದ ವಿಚಾರ.

ಓದಲೇಬೇಕು ಅಂತಿದ್ದರೆ ಐಐಟಿ ಬಾಂಬೆಯ ವಿನ್ಯಾಸ ಶಾಲೆ ಐಡಿಸಿ ಇದೆ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿ ಇದೆ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದಲ್ಲಿ ಅಕ್ಷರ ವಿನ್ಯಾಸಕ್ಕೆಂದೇ ಸ್ನಾತಕೋತ್ತರ ಕೋರ್ಸ್ ಇದೆ, ಖರ್ಚು ಮಾತ್ರ ಭಾರಿ. ಪ್ರವೇಶದ ಅರ್ಹತೆ ಒಂದೊಂದು ಕಡೆ ಒಂದೊಂದು ಥರ. ಬಿಕಾಂ ನಡೆಯುತ್ತದಾ ಅಂತ ಅವರ ಪ್ರಕಟಣೆಯಲ್ಲೇ ನೋಡಿಕೊಳ್ಳಿ, ಯಾರೋ ಹೇಳಿದ್ದನ್ನು ನಂಬಬೇಡಿ.

ಈಗ ಹೊಟ್ಟೆಪಾಡು. ಕನ್ನಡ ಫಾಂಟ್ ಮಾರಿಯೇ ಸಂಸಾರ ನಡೆಸುತ್ತೇನೆ ಅಂದರೆ ಕಷ್ಟ. ಬಿಟ್ಟಿ ಸಿಗುವುದಕ್ಕೆ ನಾವೆಲ್ಲ ಒಗ್ಗಿಹೋಗಿದ್ದೇವೆ. ವಿಂಡೋಸ್‌ನ ‘ತುಂಗಾ’ ಫಾಂಟ್ ನೆನಪಿದೆ ಅಲ್ವಾ? ಅದನ್ನು ರೂಪಿಸಿದ ತಂಡದ ಮುಂದಾಳು ಆರ್.ಕೆ. ಜೋಶಿ. ಅವರು ಮೊದಲು ಜಾಹೀರಾತು ಕಂಪನಿಯಲ್ಲಿ ದುಡಿದರು, ಆಮೇಲೆ ಐಡಿಸಿಯಲ್ಲಿ ಪಾಠ ಮಾಡಿದರು. ತುಂಗಾ ಬಂದದ್ದು ಅದಾದ ಮೇಲೆ. ಬೆಂಗಳೂರಿನ ವೈಷ್ಣವಿ ಮೂರ್ತಿ ‘ಅಕಾಯ ಕನ್ನಡಕ’ ಫಾಂಟಿನ ವಿನ್ಯಾಸಕರಲ್ಲಿ ಒಬ್ಬರು. ಅವರೂ ವಿನೋದ್ ರಾಜನ್ ಅವರೂ ಪ್ರಸ್ತಾವ ಬರೆದು ಬೆನ್ನು ಹತ್ತಿದ ಮೇಲೆ ತಾಳೆಗರಿಗಳಲ್ಲಿ ಸಿಗುವ ತುಳು-ತಿಗಳಾರಿ ಲಿಪಿ 2024ರಲ್ಲಿ ಯುನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತಗಳ ಪಟ್ಟಿ, ಸೇರಿತು. ಹಳೆ ತಾಳೆಗರಿ ನೋಡುವುದೂ ಈ ಕಸುಬಿನ ಭಾಗವೇ ನೋಡಿ.

ಹಾಗಾಗಿ ಮೊದಲ ಕೆಲವು ವರ್ಷ ಅನ್ನ ಬೇರೆ ಕಡೆಯಿಂದ ಬರಲಿ. ಪುಸ್ತಕದ ಪುಟವಿನ್ಯಾಸ, ಮುಖಪುಟ, ಸಿನಿಮಾ ಶೀರ್ಷಿಕೆ, ಲೋಗೊ. ನುಡಿ, ಶ್ರೀಲಿಪಿ ಅನ್ನುವ ಟೈಪಿಂಗ್ ತಂತ್ರಾಂಶಗಳ ಹಳೆ ಫೈಲುಗಳನ್ನು ಯುನಿಕೋಡಿಗೆ ತಂದು ತಪ್ಪು ತಿದ್ದುವ ಕೆಲಸವೂ ಇದೆ. ಇದು ಯಾರಿಗೂ ಇಷ್ಟವಿಲ್ಲದ ಕೆಲಸ, ಅದಕ್ಕೇ ಸಿಗುತ್ತದೆ. ಬೋರ್ಡುಗಳಲ್ಲಿ ಶೇ. 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನಾಯಿತು. ದೊಡ್ಡ ಅಂಗಡಿಗಳು ತಮ್ಮ ಇಂಗ್ಲಿಷ್ ಲೋಗೊ ಪಕ್ಕಕ್ಕೆ ಸಿಕ್ಕಿದ ಫಾಂಟಿನಲ್ಲಿ ಕನ್ನಡ ಅಂಟಿಸಿವೆ. ಒಂದಕ್ಕೊಂದು ಸಂಬಂಧವೇ ಇಲ್ಲ. ಅಳತೆ ಕಾನೂನು ನೋಡಿಕೊಂಡಿತು, ಅಂದ ಯಾರೂ ನೋಡಲಿಲ್ಲ. ಆ ಲೋಗೊಗಳಿಗೆ ಹೊಂದುವ ಕನ್ನಡ ರೂಪ ಬರೆದು ತೋರಿಸಿ. ಹತ್ತು ಅಂಗಡಿಯವರು ಬೇಡ ಅನ್ನಬಹುದು, ಹನ್ನೊಂದನೆಯವರು ದುಡ್ಡು ಕೊಟ್ಟಾರು.

ಮಾವನ ಹತ್ತಿರ ಕಲಿತದ್ದು ಹಳೆ ಕಾಲದ್ದು ಅಂತ ಸಂಕೋಚ ಬೇಡ. 1843ರಲ್ಲಿ ಮಂಗಳೂರಿನಲ್ಲಿ ಹೊರಟ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು. ಅಂದರೆ ಅಚ್ಚಿನ ಮೊಳೆ ಜೋಡಿಸಿದ್ದಲ್ಲ, ಕೈಯಲ್ಲಿ ಬರೆದದ್ದು. ಬಂಗಾಳದ ಶ್ರೀರಾಮಪುರದಲ್ಲಿ ಪಾದ್ರಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲೇ ಮೊಳೆಯಲ್ಲಿ ಅಚ್ಚಾಗಿತ್ತು. ಆದರೂ ಮಂಗಳೂರಿನವರು ಕೈಬರಹದಿಂದಲೇ ಪತ್ರಿಕೆ ಹೊರಡಿಸಿದರು.

‘ಬಿಕಾಂ ಸುಮ್ನೆ ದಂಡವಾಯಿತು’ ಅಂತ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಫಾಂಟನ್ನು ಯಾರೂ ಸಾಮಾನಿನಂತೆ ಮಾರುವುದಿಲ್ಲ, ಬಳಸುವ ಪರವಾನಗಿ ಮಾರುತ್ತಾರೆ. ಕಂಪ್ಯೂಟರಿಗೆ ಬೇರೆ, ವೆಬ್‌ಸೈಟಿಗೆ ಬೇರೆ, ಆ್ಯಪ್‌ಗೆ ಬೇರೆ. ಚಂದ ಬರೆಯುವವರು ಅನೇಕರು ಇಲ್ಲೇ ಕೈ ಸುಟ್ಟುಕೊಳ್ಳುತ್ತಾರೆ, ಒಂದು ಲೋಗೊಗೆಂದು ಬರೆದ ಅಕ್ಷರದ ಪೂರ್ತಿ ಹಕ್ಕನ್ನು ಬಾಯಿಮಾತಿನಲ್ಲೇ ಕೊಟ್ಟುಬಿಡುತ್ತಾರೆ. ನೀವು ಕರಾರು ಕಾಯ್ದೆ ಓದಿದವರು. ಮೊದಲ ಕೆಲಸಕ್ಕೇ, ಅದು ಪರಿಚಯದವರದ್ದಾದರೂ ಸರಿ, ಒಂದು ಪುಟದ ಒಪ್ಪಂದ ಬರೆಸಿಕೊಳ್ಳಿ. ಮುಂಗಡ ಎಷ್ಟು, ಎಷ್ಟು ಸಲ ತಿದ್ದಿಕೊಡಬೇಕು, ಹಕ್ಕು ಯಾರಿಗೆ, ಇಷ್ಟು ಅದರಲ್ಲಿರಲಿ.

ಸಂಪಾದಕ