ಕೆರೆ, ಗುಡ್ಡ ಸುತ್ತಿಸಿ ಪಾಠ ಮಾಡಿದ ಮೇಷ್ಟ್ರ ನೆನಪಿನಲ್ಲಿ ಪ್ರಶಸ್ತಿ ಶುರು ಮಾಡುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಊರಿನ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು ತೀರಿಕೊಂಡಿದ್ದಾರೆ. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಕಲಿಸಿದವರು. ಹಳೆ ವಿದ್ಯಾರ್ಥಿಗಳು ಸೇರಿ 5 ಲಕ್ಷ ಕೂಡಿಸಿದ್ದೀರಿ. ಅಂಥ ಶಿಕ್ಷಕರಿಗೆ ಪ್ರತಿ ವರ್ಷ ಅವರ ಹೆಸರಲ್ಲಿ ಪ್ರಶಸ್ತಿ ಕೊಡಬೇಕು.

ನಮ್ಮ ಕಡೆಯ ಒಂದು ದತ್ತಿ ಪ್ರಶಸ್ತಿಯ ಆಯ್ಕೆ ಸಮಿತಿಯಲ್ಲಿ ಕೆಲವು ವರ್ಷ ಇದ್ದೆ. ಆ ಅನುಭವದಿಂದ ಹೇಳುವುದಾದರೆ, ಅರ್ಜಿ ಕರೆಯಲೇಬೇಡಿ.

ಅರ್ಜಿ ಕರೆದರೆ ಬರುವುದು ಫೈಲು. ಜೂನ್ 5ಕ್ಕೆ ಸಸಿ ನೆಟ್ಟ ಫೋಟೋ, ಪೇಪರ್ ಕಟಿಂಗು, ಹಿಂದಿನ ಸನ್ಮಾನಗಳ ಪಟ್ಟಿ. ಮಕ್ಕಳ ಜೊತೆ ಕೆರೆ ಏರಿ ಮೇಲೆ ಅಲೆಯುವವರಿಗೆ ಫೈಲು ಮಾಡಲು ಪುರುಸೊತ್ತೂ ಇರುವುದಿಲ್ಲ, ಮನಸ್ಸೂ ಇರುವುದಿಲ್ಲ. 1991ರಲ್ಲೇ ಸುಪ್ರೀಂ ಕೋರ್ಟ್ ಪರಿಸರ ಪಾಠ ಕಡ್ಡಾಯ ಎಂದಿದೆ. ಹಾಗಾಗಿ ಪುಸ್ತಕದ ಪರಿಸರ ಎಲ್ಲ ಶಾಲೆಯಲ್ಲೂ ಇದೆ. ನೀವು ಹುಡುಕಬೇಕಾದವರು ಗೇಟು ದಾಟಿಸುವವರನ್ನು, ಅಲ್ವಾ?

ಹೆಸರು ಸೂಚಿಸುವ ಕೆಲಸವನ್ನು ಬೇರೆಯವರಿಗೆ ಬಿಡಿ. ಹಳೆ ವಿದ್ಯಾರ್ಥಿಗಳು, ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ), ಅರಣ್ಯ ಇಲಾಖೆಯ ಗಾರ್ಡು, ಊರಿನ ಪಕ್ಷಿ ವೀಕ್ಷಕರು. ಬಂದ ಹೆಸರುಗಳಲ್ಲಿ ಮೂರ್ನಾಲ್ಕು ಆರಿಸಿಕೊಂಡು, ಸಮಿತಿಯ ಇಬ್ಬರು ಹೋಗಿ ಒಂದು ಹೊರಗಿನ ತರಗತಿಯಲ್ಲಿ ಸುಮ್ನೆ ಕೂತು ಬರಲಿ. ಮೇಷ್ಟ್ರನ್ನು ಜಾಸ್ತಿ ಕೇಳುವುದು ಬೇಡ, ಮಕ್ಕಳನ್ನು ಕೇಳಿ. ಈ ಮುತ್ತುಗ ಯಾವಾಗ ಹೂ ಬಿಡುತ್ತೆ? ಗೀಜಗ ಈ ವರ್ಷ ಎಲ್ಲಿ ಗೂಡು ಕಟ್ಟಿತು? ಹೋದ ವರ್ಷ? ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋದ ಮಕ್ಕಳು ಮಾತ್ರ ಇದಕ್ಕೆ ಉತ್ತರ ಕೊಡುತ್ತಾರೆ. ವರ್ಷಕ್ಕೊಂದು ಸಲ ಬಸ್ಸು ಮಾಡಿ ಜೋಗ ತೋರಿಸಿದ್ದು ಪ್ರವಾಸ. ಅದೂ ಒಳ್ಳೆಯದೇ, ಆದರೆ ಈ ಪ್ರಶಸ್ತಿ ಅದಕ್ಕಲ್ಲ. ಮಕ್ಕಳ ಟಿಪ್ಪಣಿ ಪುಸ್ತಕ ನೋಡಿ. ಫೆಬ್ರವರಿಯ ಹಕ್ಕಿ ಎಣಿಕೆ, ಅಂದರೆ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ನಲ್ಲಿ ಪಟ್ಟಿ ಕಳಿಸಿದ್ದರೆ ಅದನ್ನೂ ನೋಡಿ.

ಸುರಕ್ಷತೆ ವಿಷಯದಲ್ಲಿ ಮಾತ್ರ ಮುಲಾಜು ಬೇಡ. ಪೋಷಕರ ಒಪ್ಪಿಗೆ, ಕಾಡಿಗೆ ಹೋದರೆ ಅರಣ್ಯ ಇಲಾಖೆಯ ಅನುಮತಿ, ಪ್ರಥಮ ಚಿಕಿತ್ಸೆ ಪೆಟ್ಟಿಗೆ. ಇವಿಲ್ಲದೆ ಮಕ್ಕಳನ್ನು ನೀರಿಗಿಳಿಸುವವರು ಎಷ್ಟೇ ಉತ್ಸಾಹಿಯಾದರೂ ಪಟ್ಟಿಯಿಂದ ಕೈಬಿಡಿ.

ಇನ್ನು ದುಡ್ಡು. 5 ಲಕ್ಷವನ್ನು ಠೇವಣಿ ಇಟ್ಟು ಶೇ. 6.5 ಬಡ್ಡಿ ಅಂತ ಹಿಡಿದರೆ ವರ್ಷಕ್ಕೆ 32,500 ರೂಪಾಯಿ. ಬಡ್ಡಿಯನ್ನೆಲ್ಲ ಖರ್ಚು ಮಾಡಿದರೆ ಅಸಲು ಬೆಳೆಯುವುದಿಲ್ಲ, ಬಸ್ ಬಾಡಿಗೆ ಮಾತ್ರ ಬೆಳೆಯುತ್ತದೆ. ಹಾಗಾಗಿ ಐದಾರು ಸಾವಿರ ಅಸಲಿಗೇ ಸೇರಿಸಿ. ಹತ್ತು ಸಾವಿರ ಶಿಕ್ಷಕರ ಕೈಗೆ. ಉಳಿದದ್ದು ಅವರ ಶಾಲೆಯ ಮುಂದಿನ ವರ್ಷದ ಹೊರಗಿನ ಪಾಠಕ್ಕೆ: ಒಂದೆರಡು ಬೈನಾಕ್ಯುಲರ್, ಭೂತಗನ್ನಡಿ, ಗಾಡಿ ಖರ್ಚು. ಸರ್ಕಾರಿ ಶಾಲೆಯಾದರೆ ಈ ಭಾಗ ಎಸ್‌ಡಿಎಂಸಿ ಖಾತೆಗೆ ಹೋಗಲಿ. ಸರ್ಕಾರಿ ಶಿಕ್ಷಕರು ನಗದು ತೆಗೆದುಕೊಳ್ಳುವ ಮುಂಚೆ ಇಲಾಖೆಯ ಅನುಮತಿ ವಿಚಾರಿಸಬೇಕು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಮೊದಲೇ ಪತ್ರ ಕೊಡಿ. ಠೇವಣಿ ಯಾರೊಬ್ಬರ ಹೆಸರಲ್ಲೂ ಬೇಡ. ಚಿಕ್ಕದೊಂದು ಟ್ರಸ್ಟ್ ನೋಂದಾಯಿಸಿ, ಅದರ ಹೆಸರಲ್ಲಿಡಿ.

ದಿನಾಂಕಕ್ಕೆ ಸೆಪ್ಟೆಂಬರ್ 5 ಬೇಡ, ಅಂದು ಎಲ್ಲ ಕಡೆ ಸನ್ಮಾನವೇ. ನವೆಂಬರ್ 12 ಪಕ್ಷಿತಜ್ಞ ಸಲೀಂ ಅಲಿ ಹುಟ್ಟಿದ ದಿನ. ಮಳೆ ಮುಗಿದು ಕೆರೆಯಲ್ಲಿ ನೀರಿರುತ್ತದೆ, ವಲಸೆ ಹಕ್ಕಿಗಳೂ ಬರಲು ಶುರುವಾಗಿರುತ್ತವೆ. ರಾಜ್ಯೋತ್ಸವದ ಶಾಲುಗಳ ಸುಗ್ಗಿಯೂ ಆ ತಿಂಗಳೇ, ಅದೊಂದು ತೊಡಕು. ಹಾಗಾಗಿ ಸಭಾಂಗಣ ಹಿಡಿಯಬೇಡಿ. ಬೆಳಿಗ್ಗೆ ಏಳಕ್ಕೆ ಕೆರೆ ಏರಿ ಮೇಲೆ ಸೇರಿ. ಪ್ರಶಸ್ತಿ ಪಡೆದವರು ಮಕ್ಕಳಿಗೆ ಅಲ್ಲೇ ಒಂದು ಗಂಟೆ ಪಾಠ ಮಾಡಲಿ. ಭಾಷಣ ಮಾಡಲೇಬೇಕೆನ್ನುವ ಮುಖ್ಯ ಅತಿಥಿಗಳು ಅಷ್ಟು ಬೇಗ ಏಳುವುದು ಕಡಿಮೆ.