ಒಮ್ಮೆಯೂ ಭೇಟಿಯಾಗದ ಗಿಟಾರ್ ವಾದಕ ತೀರಿಕೊಂಡರೆ ಅಭಿಮಾನಿಗೆ ಅಷ್ಟೊಂದು ದುಃಖ ಯಾಕಾಗುತ್ತದೆ?

ಪರಿಚಯ ಒಂದೇ ಕಡೆಯದಾದರೂ ಅದು ನಿಜವಾದ ಪರಿಚಯವೇ. ವರ್ಷಗಟ್ಟಲೆ ಕೇಳಿದ ಕೈಯನ್ನು ಮನಸ್ಸು ಹತ್ತಿರದವರ ಸಾಲಿಗೆ ಸೇರಿಸಿಕೊಂಡಿರುತ್ತದೆ. ಅದರಲ್ಲೂ ಹದಿಹರೆಯದಲ್ಲಿ ಕೇಳಿದ ಸಂಗೀತ ಜಾಸ್ತಿ ಗಟ್ಟಿಯಾಗಿ ಉಳಿಯುತ್ತದೆ. ಆಗಿನ ಗೆಳೆಯರು, ಆಗಿನ ರೂಮು, ಎಲ್ಲ ಅದಕ್ಕೆ ಅಂಟಿಕೊಂಡಿರುತ್ತವೆ.

ಇಂಗ್ಲೆಂಡಿನ ಗಿಟಾರ್ ವಾದಕ ಜೆಫ್ ಬೆಕ್ ಅವರನ್ನೇ ನೋಡಿ. 1980ರ ದಶಕದಲ್ಲಿ ಅವರು ಪಿಕ್, ಅಂದರೆ ತಂತಿ ಮೀಟುವ ಬಿಲ್ಲೆ, ಬಿಟ್ಟು ಬರಿಗೈಯಲ್ಲೇ ನುಡಿಸತೊಡಗಿದರು. ಹೆಬ್ಬೆರಳು ತಂತಿ ಮೀಟುತ್ತಿತ್ತು, ಅದೇ ಕೈಯ ಇನ್ನೊಂದು ಬೆರಳು ವಾಲ್ಯೂಮ್ ಗುಂಡಿ ತಿರುಗಿಸುತ್ತಿತ್ತು, ಸ್ವರ ಬಗ್ಗಿಸುವ ಲೋಹದ ಕಡ್ಡಿ ಅಂಗೈಯ ಅಡಿಯಲ್ಲೇ ಇರುತ್ತಿತ್ತು. ಸ್ವರ ಮೆಲ್ಲಗೆ ಹುಟ್ಟಿ, ಉಬ್ಬಿ, ಜಾರುತ್ತಿತ್ತು. ಥೇಟ್ ಯಾರೋ ಹಾಡಿದ ಹಾಗೆ! ಫೋನಿನಲ್ಲಿ ಬರೀ ದನಿ ಕೇಳಿಯೇ ನಮ್ಮವರನ್ನು ಗುರುತಿಸುತ್ತೇವೆ ಅಲ್ವಾ? ಹಾಗೇ ಎರಡು ಸ್ವರಕ್ಕೇ ಅವರು ಗೊತ್ತಾಗಿಬಿಡುತ್ತಿದ್ದರು.

2023ರ ಜನವರಿ 10ರಂದು, 78ನೇ ವಯಸ್ಸಿನಲ್ಲಿ, ಮೆದುಳಿನ ಪೊರೆಯ ಸೋಂಕಿನಿಂದ ಅವರು ದಿಢೀರನೆ ತೀರಿಕೊಂಡರು. ಸುದ್ದಿ ಬಂದ ದಿನ ನಾನು ಹಳೇ ಕ್ಯಾಸೆಟ್ ಕೈಯಲ್ಲಿ ಹಿಡಿದು ಸುಮ್ನೆ ಕೂತಿದ್ದೆ. ರೆಕಾರ್ಡಿಂಗ್‌ಗಳು ಹಾಗೇ ಇವೆ, ನಿಜ. ಆದರೆ ಆ ಬೆರಳುಗಳು ಇನ್ನೊಂದು ಹೊಸ ಸ್ವರ ನುಡಿಸುವುದಿಲ್ಲ.