ಲೆಸ್ಟರ್‌ಗೆ ಬರುವ ತಮ್ಮನಿಗೆ

ನಿನ್ನ ಮೆಸೇಜ್ ನೋಡಿದೆ ಕಣೋ. ಸೆಪ್ಟೆಂಬರ್‌ಗೆ ಎಂಎಸ್ಸಿ ಓದಲು ಇಲ್ಲಿಗೆ, ಇಂಗ್ಲೆಂಡಿಗೆ, ಬರುತ್ತಿದ್ದೀಯ ಅಂತ ನಿನ್ನ ಅಕ್ಕ ಮೊದಲೇ ಹೇಳಿದ್ದಳು. ಹಾಸನದ ಹಾಸ್ಟೆಲಿನಲ್ಲಿ ಒಂದೇ ರೂಮಿನಲ್ಲಿದ್ದವರು ನಾನೂ ಅವಳೂ, ನೀನು ನನಗೂ ತಮ್ಮನೇ. ಹಾಗಾಗಿ ನಿನ್ನ ಹತ್ತಿರ ಸುತ್ತಿ ಬಳಸಿ ಹೇಳುವುದಿಲ್ಲ. ನೀನು ಕೇಳಿದ್ದು ನಾಲ್ಕು: ಊರಿನ ಹೆಸರು ಹೇಗೆ ಹೇಳಬೇಕು, ರೆಸ್ಯೂಮಿಗೆ ಫೋಟೋ ಹಾಕಬೇಕಾ, ಗಡ್ಡ ತೆಗೆಯಬೇಕಾ, ನಮ್ಮ ಇಂಗ್ಲಿಷ್ ಅವರಿಗೆ ಅರ್ಥ ಆಗುತ್ತಾ.

ಊರು ಲೆಸ್ಟರ್. ಬರೆಯುವಾಗ ಮಧ್ಯೆ ಇನ್ನಷ್ಟು ಅಕ್ಷರ ಇವೆ, ಬಾಯಲ್ಲಿ ಬರುವುದಿಲ್ಲ. 2009ರಲ್ಲಿ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್ ಕೌಂಟರಿನಲ್ಲಿ ನಿಂತು ‘ಲೈಸೆಸ್ಟರ್’ ಅಂತ ಮೂರು ಸಲ ಹೇಳಿದೆ. ಒಳಗಿದ್ದವರು ಮೂರು ಸಲವೂ ‘ಸಾರಿ?’ ಅಂದರು. ಕೊನೆಗೆ ಅಡ್ಮಿಷನ್ ಲೆಟರನ್ನು ಗಾಜಿಗೆ ಒತ್ತಿ ಹಿಡಿದೆ. ಹಿಂದೆ ಕ್ಯೂ ಬೆಳೆದಿತ್ತು. ಅಂಗೈ ಬೆವರಿಗೆ ಕಾಗದ ಒದ್ದೆಯಾಗಿತ್ತು. ಪಕ್ಕದ ಊರು ಲಫ್‌ಬರಾ. ಲಂಡನ್ ಆಚೆ ಇರುವುದು ರೆಡಿಂಗ್, ರೀಡಿಂಗ್ ಅಲ್ಲ. ಬಸ್ ಡ್ರೈವರ್ ‘ಮಿ ಡಕ್’ ಅಂದರೆ ಬಾತುಕೋಳಿ ಅಂದರಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ನಮ್ಮ ಕಡೆ ‘ಮಗಾ’, ‘ತಾಯಿ’ ಅನ್ನುವ ಹಾಗೆ ಪ್ರೀತಿಯ ಮಾತು ಅದು. ‘ಆಲ್‌ರೈಟ್?’ ಅಂದರೆ ನಮಸ್ಕಾರ ಅಂದಹಾಗೆ, ಅಷ್ಟೆ.

ಇಲ್ಲಿ ರೆಸ್ಯೂಮ್ ಅನ್ನುವುದಿಲ್ಲ, ಸಿವಿ. ಎರಡು ಪುಟ ಸಾಕು. ಫೋಟೋ ಬೇಡ. ಹುಟ್ಟಿದ ತಾರೀಖು, ಅಪ್ಪನ ಹೆಸರು, ಮದುವೆ ಆಗಿದೆಯೋ ಇಲ್ಲವೋ, ಯಾವುದೂ ಬೇಡ. ವಯಸ್ಸು, ಧರ್ಮ, ಮದುವೆ ನೋಡಿ ಭೇದ ಮಾಡಬಾರದು ಅಂತ 2010ರ ಈಕ್ವಾಲಿಟಿ ಆಕ್ಟ್ ಇದೆ. ಅವನ್ನೆಲ್ಲ ಬರೆದರೆ ಓದುವವರಿಗೇ ಮುಜುಗರ. ಕೊನೆಯಲ್ಲಿ ‘ಮೇಲಿನದೆಲ್ಲ ಸತ್ಯ’ ಅಂತ ಡಿಕ್ಲರೇಷನ್ ಬರೆದು ಸಹಿ ಹಾಕುತ್ತೇವಲ್ಲ, ಅದೂ ಬೇಡ. ‘ಪಾಸ್ಡ್ ಔಟ್’ ಅಂತ ಬರೆಯಬೇಡ, ಇಲ್ಲಿ ಅದು ಪ್ರಜ್ಞೆ ತಪ್ಪಿ ಬಿದ್ದೆ ಅಂದ ಹಾಗೆ. ‘ಗ್ರಾಜುಯೇಟೆಡ್’ ಅನ್ನು. ನಮ್ಮಲ್ಲಿ 60 ದಾಟಿದರೆ ಫಸ್ಟ್ ಕ್ಲಾಸ್, ಇಲ್ಲಿ ಡಿಗ್ರಿಗೆ ‘ಫಸ್ಟ್’ ಅನ್ನಬೇಕಾದರೆ 70 ಬೇಕು. ಸುಮ್ನೆ ನಿನ್ನ ಅಂಕ ಎಷ್ಟೋ ಅಷ್ಟು ಬರೆ. ಸ್ಟೂಡೆಂಟ್ ವೀಸಾದಲ್ಲಿ ಓದಿನ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಕೆಲಸ ಮಾಡುವಂತಿಲ್ಲ. ಯಾರು ಏನೇ ಆಸೆ ತೋರಿಸಲಿ, ಇದನ್ನು ಮಾತ್ರ ಮೀರಬೇಡ.

ಗಡ್ಡ ಇರಲಿ, ನೀಟಾಗಿ ಟ್ರಿಮ್ ಮಾಡಿಕೋ. ಕಟಿಂಗ್ ಶಾಪಿನಲ್ಲಿ ‘ಯಾವ ನಂಬರ್?’ ಅಂತ ಕೇಳುತ್ತಾರೆ. ಮಷೀನಿನ ನಂಬರ್ ಅದು, 2 ಅಂದರೆ ಸುಮಾರು 6 ಮಿಲಿಮೀಟರ್ ಕೂದಲು ಉಳಿಯುತ್ತದೆ. ಕೊಬ್ಬರಿ ಎಣ್ಣೆ ಬೆಲ್‌ಗ್ರೇವ್ ರೋಡಿನ ಅಂಗಡಿಗಳಲ್ಲಿ ಸಿಗುತ್ತದೆ. ಚಳಿಗೆ ತುಪ್ಪದ ಹಾಗೆ ಗಟ್ಟಿಯಾಗುತ್ತದೆ, ರೇಡಿಯೇಟರ್ ಪಕ್ಕ ಇಡು. ಕೊಬ್ಬರಿ ಗಿಟುಕು ಮಾತ್ರ ತರಬೇಡ, ಎಣ್ಣೆ ಅಂಶ ಜಾಸ್ತಿ ಅಂತ ವಿಮಾನದಲ್ಲಿ ಬಿಡುವುದಿಲ್ಲ.

ಇನ್ನು ನಮ್ಮ ಇಂಗ್ಲಿಷ್. ನಮ್ಮ ಕಡೆ ಬಾಯಲ್ಲಿ ಎಂಟು ‘ಯೆಂಟು’ ಆಗುತ್ತದೆ, ಒಂದು ‘ವೊಂದು’ ಆಗುತ್ತದೆ. ಅದೇ ನಾಲಿಗೆಗೆ ಎಗ್ ‘ಯೆಗ್ಗು’, ಓನ್ಲಿ ‘ವೋನ್ಲಿ’. ಇಂಗ್ಲಿಷಿನಲ್ಲಿ ಎರಡು ‘ವ’ ಇವೆ, ನಮಗೆ ಒಂದೇ. ನಾವು ‘ವೆಸ್ಟ್’ ಅಂದರೆ ಬನಿಯನ್ನೋ ಪಶ್ಚಿಮವೋ ಅವರಿಗೆ ಗೊತ್ತಾಗುವುದಿಲ್ಲ. ಬನಿಯನ್ನಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಪಶ್ಚಿಮಕ್ಕೆ ಶಿಳ್ಳೆ ಹೊಡೆಯುವ ಹಾಗೆ ತುಟಿ ದುಂಡಗಾಗಬೇಕು. ಕನ್ನಡಿ ಮುಂದೆ ವಾರಗಟ್ಟಲೆ ನಿಂತು ಕಲಿತೆ. ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಫೋನಿನಲ್ಲಿ ಮಾತಾಡುವ ಕೆಲಸ ಸಿಕ್ಕಿದ್ದು ಅದರಿಂದಲೇ.

2014ರ ಬೇಸಿಗೆಯಲ್ಲಿ ಅಮ್ಮ ಅರಸೀಕೆರೆಯಿಂದ ಬಂದರು, ಮೂರು ತಿಂಗಳು ಇರಲು. ಎರಡನೇ ವಾರದ ಹೊತ್ತಿಗೆ ಪಕ್ಕದ ಮನೆ ಅಜ್ಜಿಯ ಜೊತೆ ಬೇಲಿ ಮೇಲಿಂದ ಮಾತು ಶುರುವಾಗಿತ್ತು. ಅಮ್ಮ ಓದಿದ್ದು ಏಳನೇ ಕ್ಲಾಸು. ಟೊಮೇಟೊ ಗಿಡ ತೋರಿಸಿ, ಬೆರಳಲ್ಲಿ ಎಣಿಸಿ, ಗೊತ್ತಿದ್ದ ನಾಲ್ಕು ಪದ ಸೇರಿಸಿ ಅರ್ಧ ಗಂಟೆ ಮಾತಾಡುತ್ತಿದ್ದರು. ಒಂದು ದಿನ ಆ ಅಜ್ಜಿ ತಟ್ಟೆಯಲ್ಲಿ ಕೇಕ್ ತಂದರು. ಅಮ್ಮ ‘ನೋ ಯೆಗ್ಗು, ವೋನ್ಲಿ ವೆಜಿಟೇರಿಯನ್’ ಅಂದರು. ಅಜ್ಜಿಗೆ ಅರ್ಥವಾಗಿತ್ತು, ತಲೆಯಾಡಿಸಿದರು. ನಾನು ಅವರ ಎದುರಿಗೇ ‘ಯೆಗ್ಗು ಅಲ್ಲಮ್ಮ, ಎಗ್. ಎಗ್ ಅನ್ನು’ ಅಂದೆ. ಅಮ್ಮ ನನ್ನ ಮುಖ ನೋಡಿದರು. ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದರು.

ಆಮೇಲೆ ಬೇಲಿ ಹತ್ತಿರ ಹೋದರೂ ಕೈ ಮುಗಿದು ನಗುವುದಷ್ಟೆ. ಏನಾದರೂ ಹೇಳಬೇಕಿದ್ದರೆ ‘ನೀನೇ ಹೇಳು ಅವರಿಗೆ’. ನಾನು ತಪ್ಪಾಯಿತು ಅಂದೆ. ‘ಅಯ್ಯೋ, ಅದ್ರಲ್ಲೇನಿದೆ’ ಅಂದರು. ಆದರೆ ಇವತ್ತಿಗೂ ಫೋನಿನಲ್ಲಿ ಇಂಗ್ಲಿಷ್ ಪದ ಬರುವ ಕಡೆ ನಿಂತುಬಿಡುತ್ತಾರೆ. ಕಳೆದ ತಿಂಗಳು ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದರು. ಏನಂದರು ಅಂತ ಕೇಳಿದೆ. ‘ಅದೇನೋ ಇಂಗ್ಲಿಷ್ ಹೆಸರು ಕಣಮ್ಮ. ನನ್ ಬಾಯಲ್ಲಿ ಸರಿಯಾಗಿ ಬರಲ್ಲ, ನಿನ್ ತಮ್ಮನ್ನ ಕೇಳು’ ಅಂದರು.

ಸಿವಿ ಕಳಿಸು, ಶನಿವಾರ ಕೂತು ನೋಡುತ್ತೇನೆ. ಹೊರಡುವ ಮೊದಲು ಬಿಡುವಾದರೆ ಅರಸೀಕೆರೆಗೆ ಹೋಗಿ ಅಮ್ಮನನ್ನು ಮಾತಾಡಿಸಿಕೊಂಡು ಬಾ. ಚಟ್ನಿಪುಡಿ ಕಟ್ಟಿಕೊಡದೆ ಬಿಡುವುದಿಲ್ಲ. ಡಾಕ್ಟರು ಏನಂದರು ಅಂತ ನೀನೂ ಒಂದು ಸಲ ಕೇಳು. ಅವರು ಹೇಗೆ ಹೇಳುತ್ತಾರೋ ಹಾಗೇ ನನಗೆ ಬರೆದು ಕಳಿಸು.